ನೂರ ಎಪ್ಪತ್ತೇಳನೆಯ ಆವರ್ತ

ನೂರ ಮೂವತ್ತೊಂದಕ್ಕೆ ಬರುವಷ್ಟರಲ್ಲಿ ಕಾವಲಿಯ ಮೇಲಿದ್ದ ಚಪಾತಿ ಒಂದು ಮಗ್ಗುಲು ಸೀದುಹೋಯಿತು. ಪದ್ಮಜಾ ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಎಣಿಕೆ ಮಾತ್ರ ಬಿಡಲಿಲ್ಲ. ನೂರ ಮೂವತ್ತೆರಡು, ನೂರ ಮೂವತ್ತಮೂರು. ಇಲ್ಲೇ ಎಲ್ಲೋ ನಾಲ್ಕರ ನಡೆ ಮೂರಕ್ಕೆ ತಿರುಗುತ್ತದೆ. ಬಲಗೈ ಲಟ್ಟಣಿಗೆಯನ್ನು ಉರುಳಿಸುತ್ತಿದ್ದರೆ ಎಡಗೈಯ ಬೆರಳುಗಳು ಮಣೆಯ ಅಂಚಿನ ಮೇಲೆ ತಾವಾಗಿಯೇ ಕಿರುಬೆರಳಿನಿಂದ ಮೊದಲಾಗಿ ಬೀಳುತ್ತಿದ್ದವು. ಹತ್ತು ವರ್ಷದವಳಿದ್ದಾಗ ಮೈಸೂರಿನಲ್ಲಿ ಪಾಠದ ಮೇಷ್ಟ್ರು ಆದಿತಾಳ ಕಲಿಸಿದ್ದು ಹೀಗೆಯೇ. ಆಗ ಹಾಡಲು ಕಲಿತದ್ದೆಲ್ಲ ಮದುವೆಯಾದ ಮೇಲೆ ಒಂದೊಂದಾಗಿ ಉದುರಿಹೋಗಿತ್ತು, ತಾಳವೊಂದೇ ಕೈಯಲ್ಲಿ ಉಳಿದುಕೊಂಡಿತ್ತು.

ಕಿಟಕಿಯ ಹತ್ತಿರ ಇಟ್ಟ ಫೋನಿನಿಂದ ಬರುತ್ತಿದ್ದದ್ದು ಮಾತ್ರ ಮೈಸೂರಿನ ಸಂಗೀತವಲ್ಲ. ಆಂಟನ್ ಬ್ರುಕ್ನರ್ ಎಂಬ ಆಸ್ಟ್ರಿಯಾದ ಚರ್ಚಿನ ಆರ್ಗನ್ ವಾದಕ ನೂರ ನಲವತ್ತು ವರ್ಷಗಳ ಹಿಂದೆ ಬರೆದ ಏಳನೆಯ ಸಿಂಫನಿ. ಒಟ್ಟು ಒಂದು ಗಂಟೆಗೂ ಮೀರಿದ ಸಂಗೀತ. ಅದರಲ್ಲಿ ಪದ್ಮಜಾಳ ಪಾಲಿಗೆ ಬಂದದ್ದು ಒಂದೇ ಒಂದು ಏಟು. ಎರಡನೆಯ ಭಾಗದಲ್ಲಿ ನೂರ ಎಪ್ಪತ್ತಾರು ಆವರ್ತ ಸುಮ್ಮನಿದ್ದು, ನೂರ ಎಪ್ಪತ್ತೇಳನೆಯದರ ಮೊದಲ ಗಳಿಗೆಗೆ ಎರಡು ದೊಡ್ಡ ಹಿತ್ತಾಳೆಯ ಸಿಂಬಲ್‌ಗಳನ್ನು ಒಂದಕ್ಕೊಂದು ತಾಗಿಸಬೇಕು. ಅಷ್ಟೇ. ಆಮೇಲೆ ಕೊನೆಯವರೆಗೂ ಮತ್ತೆ ಕೂತಿರಬೇಕು.

ಅವಳು ಇದನ್ನು ನುಡಿಸಲಿದ್ದ ಆರ್ಕೆಸ್ಟ್ರಾಕ್ಕೆ ಸೇರಿದ್ದು ಸೇರಿದ ಹಾಗೇನೂ ಅಲ್ಲ. ಮಗಳು ಇಂಚರ ಹೈಸ್ಕೂಲಿನಲ್ಲಿದ್ದಾಗ ತಮ್ಮ ಊರಾದ ನಾರ್ತ್‌ವಿಲ್‌ನ ಈ ಹವ್ಯಾಸಿ ಮೇಳದಲ್ಲಿ ಚೆಲೊ ನುಡಿಸುತ್ತಿದ್ದಳು. ಪ್ರತಿ ಮಂಗಳವಾರ ಸಂಜೆ ಮಗಳನ್ನೂ ಆನೆಮರಿಯಂಥ ಅವಳ ವಾದ್ಯವನ್ನೂ ಕಾರಿನಲ್ಲಿ ಹೇರಿಕೊಂಡು ಹೋಗುವುದು ಪದ್ಮಜಾಳ ಕೆಲಸ. ಸುಮ್ಮನೆ ಕೂರಲಾಗದೆ ಕುರ್ಚಿ ಹಾಕಿಕೊಟ್ಟಳು, ಸ್ಟ್ಯಾಂಡ್ ಜೋಡಿಸಿಕೊಟ್ಟಳು. ಮಗಳು ಬಾಸ್ಟನ್‌ಗೆ ಓದಲು ಹೋದ ಮೇಲೂ ಕುರ್ಚಿ ಹಾಕುವವಳು ಉಳಿದಳು. ಒಂದು ದಿನ ಟ್ರಯಾಂಗಲ್ ಎಂಬ ತ್ರಿಕೋನದ ಸರಳಿನ ವಾದ್ಯ ಹೊಡೆಯುವ ನಿವೃತ್ತ ದಂತವೈದ್ಯ ಬರಲಿಲ್ಲ. ಮೇಳವನ್ನು ನಡೆಸುವ ಕಂಡಕ್ಟರ್ ಡಾಕ್ಟರ್ ಕೊವಾಲ್ಸ್ಕಿ ನಗುತ್ತಲೇ ಅವಳ ಕೈಗೆ ಅದನ್ನು ಕೊಟ್ಟು, ಅರವತ್ತನಾಲ್ಕು ಆವರ್ತ ಬಿಟ್ಟು ಹೊಡಿ ಎಂದರು. ಅವಳು ತೊಡೆಯ ಮೇಲೆ ತಾಳ ಹಾಕುತ್ತ ಕೂತಳು. ನಡುವೆ ಕೊವಾಲ್ಸ್ಕಿ ವಾದ್ಯಗಳನ್ನೆಲ್ಲ ನಿಲ್ಲಿಸಿ, ಯಾರೋ ಬಾಗಿಲು ಬಡಿಯುತ್ತಿದ್ದಾರೆ ನೋಡಿ ಎಂದರು. ಬಾಗಿಲಲ್ಲಿ ಯಾರೂ ಇರಲಿಲ್ಲ, ಅದು ಪದ್ಮಜಾಳ ತೊಡೆ. ಎಲ್ಲರೂ ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಎರಡನೆಯ ಸಲ ಶಬ್ದ ಬಾರದಂತೆ ಬೆರಳಲ್ಲೇ ಎಣಿಸಿ, ಅರವತ್ತೈದಕ್ಕೆ ಸರಿಯಾಗಿ ಹೊಡೆದಳು. ಮೂವತ್ತು ವರ್ಷದಿಂದ ಇಲ್ಲಿ ತಾಳವಾದ್ಯದವರಿಗೆ ಎಣಿಸುವುದು ಕಲಿಸುತ್ತಿದ್ದೇನೆ, ಒಬ್ಬರಿಗೂ ಬರಲಿಲ್ಲ, ನೀನು ಇಷ್ಟು ದಿನ ಕುರ್ಚಿ ಹಾಕುತ್ತಿದ್ದೆಯಲ್ಲ ಎಂದರು ಕೊವಾಲ್ಸ್ಕಿ.

ಸಿಂಬಲ್ ಅವಳಿಗೆ ಬಂದದ್ದು ಹಾಗೆ. ಈ ಐವತ್ತನಾಲ್ಕನೆಯ ವಯಸ್ಸಿನಲ್ಲಿ.

ಮೇ ತಿಂಗಳ ಮೂರನೆಯ ಭಾನುವಾರ ಕಛೇರಿ. ಜೂನ್ ಕೊನೆಗೆ ಅವಳು ಈ ಊರೇ ಬಿಡಬೇಕು. ಗಂಡ ಚಂದ್ರಮೌಳಿ ಇಪ್ಪತ್ತೆರಡು ವರ್ಷ ಪಕ್ಕದೂರು ನೋವೈಯಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರಾಗಿದ್ದವನು. ಆ ವಿಭಾಗ ಮುಚ್ಚಿತು. ಫೆಬ್ರವರಿಯಿಂದ ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ ಹೊಸ ಕೆಲಸ. ಅಲ್ಲಿ ಮನೆ ನೋಡಿದ್ದಾಯಿತು, ಇಲ್ಲಿಯ ಮನೆಗೆ ಕೊಳ್ಳುವವರು ಸಿಕ್ಕಿದ್ದಾಯಿತು. ಎಲ್ಲ ನಿರ್ಧಾರಗಳೂ ಸರಿಯಾಗಿಯೇ ಇದ್ದವು, ಅದೇ ಕಷ್ಟ. ತಪ್ಪು ಹುಡುಕಿ ಜಗಳ ತೆಗೆಯುವುದಕ್ಕೂ ಜಾಗವಿರಲಿಲ್ಲ. ಅಡುಗೆಮನೆಯ ಗೋಡೆಗೆ ರಟ್ಟಿನ ಪೆಟ್ಟಿಗೆಗಳು ಒರಗಿ ನಿಂತಿದ್ದವು. ಅವಳು ದಿನಕ್ಕೆ ಎರಡು ತುಂಬುತ್ತಿದ್ದಳು.

ಹೀಗಾಗಿ ಆ ಏಟು ಅವಳ ಮೊದಲನೆಯದೂ ಹೌದು, ಕೊನೆಯದೂ ಹೌದು. ಅದನ್ನು ಚಂದ್ರಮೌಳಿ ಕೇಳಬೇಕು ಎಂಬುದು ಅವಳ ಆಸೆ. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷ. ತಾನು ಮಾಡಿದ ಸಾರನ್ನು ಉಂಡಿದ್ದಾನೆ, ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಿದ್ದಾನೆ, ಒಳ್ಳೆಯವನೇ. ಆದರೆ ತಾನು ಮಾಡುವುದನ್ನು ಅವನು ಸುಮ್ಮನೆ ಕೂತು, ಇದು ಇವಳದು ಎಂದು ಕೇಳಿಸಿಕೊಂಡ ಒಂದು ಗಳಿಗೆಯೂ ಅವಳಿಗೆ ನೆನಪಿಲ್ಲ. ಒಂದು ಸಲ ಸಾಕು. ಇಡೀ ಆರ್ಕೆಸ್ಟ್ರಾ ಏರಿ ಏರಿ ಹೋಗಿ ಆಕಾಶ ಮುಟ್ಟುವಾಗ ಝಲ್ಲೆಂದು ಒಡೆಯುವ ಆ ಶಬ್ದ ನನ್ನ ಹೆಂಡತಿಯದು ಎಂದು ಅವನಿಗೆ ಗೊತ್ತಾಗಬೇಕು.

ಲೈಬ್ರರಿಯಿಂದ ಬ್ರುಕ್ನರ್ ಬಗ್ಗೆ ಎರಡು ಪುಸ್ತಕ ತಂದು ಓದಿದ್ದಳು. ಓದುತ್ತ ಓದುತ್ತ ಅವನ ಮೇಲೆ ಒಂದು ಥರದ ಮಮತೆ ಹುಟ್ಟಿತ್ತು. ಹಳ್ಳಿಯ ಶಾಲೆಯ ಮೇಷ್ಟ್ರ ಮಗ. ತಾನೂ ಮೊದಲು ಮೇಷ್ಟ್ರಾಗಿ, ಆಮೇಲೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ದೇವರ ಸೇವೆಗೆ ಹಾಡು ಬರೆಯುತ್ತ ಬದುಕಿದವನು. ಪಾಠ ಹೇಳುತ್ತಿದ್ದಾಗ ಹೊರಗೆ ಚರ್ಚಿನ ಗಂಟೆ ಬಾರಿಸಿದರೆ ಪಾಠ ನಿಲ್ಲಿಸಿ ಪ್ರಾರ್ಥನೆ ಮಾಡುತ್ತಿದ್ದನಂತೆ. ಎಣಿಸುವ ಹುಚ್ಚು ಬೇರೆ. ಕಟ್ಟಡದ ಕಿಟಕಿಗಳನ್ನು ಎಣಿಸುವನಂತೆ, ತಾನು ಬರೆದ ಆವರ್ತಗಳನ್ನು ಸಾಲುಸಾಲಾಗಿ ಎಣಿಸಿ ಗುರುತು ಹಾಕುವನಂತೆ. ಕಂಡ ಹುಡುಗಿಯರನ್ನೆಲ್ಲ ಮದುವೆಗೆ ಕೇಳಿ, ಯಾರೂ ಒಪ್ಪದೆ, ಒಂಟಿಯಾಗಿಯೇ ಮುಗಿದ. ಯಾರಾದರೂ ಇದು ಸರಿಯಿಲ್ಲ ಎಂದರೆ ಸಾಕು, ಮುಗಿಸಿದ ಸಿಂಫನಿಯನ್ನೇ ಮತ್ತೆ ಬಿಚ್ಚಿ ಕೂರುತ್ತಿದ್ದ. ಈ ಏಳನೆಯದು ದೊಡ್ಡ ಹೆಸರು ತಂದುಕೊಟ್ಟಾಗ ಅವನಿಗೆ ಅರವತ್ತು. ತಾನು ದೇವರಂತೆ ಕಂಡ ಹಿರಿಯ ಸಂಗೀತಗಾರ ಇನ್ನು ಹೆಚ್ಚು ದಿನ ಉಳಿಯಲಾರನೆಂಬ ಸಂಕಟದಲ್ಲಿ ಈ ಎರಡನೆಯ ಭಾಗ ಬರೆಯುತ್ತಿದ್ದನಂತೆ. ಅದು ಮುಗಿಯುವ ಮೊದಲೇ ಸಾವಿನ ಸುದ್ದಿ ಬಂತು.

ಕಛೇರಿಗೆ ಐದು ದಿನ ಮುಂಚಿನ ಮಂಗಳವಾರ, ಕುರ್ಚಿ ಹಾಕುತ್ತಿದ್ದ ಅವಳ ಹತ್ತಿರ ಕೊವಾಲ್ಸ್ಕಿ ಬಂದು, ಸ್ವಲ್ಪ ಕೂತುಕೋ ಎಂದರು. ಎಪ್ಪತ್ತು ದಾಟಿದ ಮನುಷ್ಯ, ಮೆತ್ತಗಿನ ಮಾತು. ಬ್ರುಕ್ನರನ ಹಸ್ತಪ್ರತಿಯಲ್ಲಿ ಆ ಸಿಂಬಲ್ ಏಟು ಮೊದಲಿರಲಿಲ್ಲ, ಆಮೇಲೆ ಒಂದು ಚೀಟಿ ಅಂಟಿಸಿದ್ದಾರೆ ಎಂದರು. ಅದು ಬೇಕೆಂದು ಒತ್ತಾಯಿಸಿದವರು ಶಿಷ್ಯರು, ಸ್ನೇಹಿತರು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ‘ಇದು ಊರ್ಜಿತವಲ್ಲ’ ಎಂದು ಬರೆದಿದೆ. ಅದನ್ನು ಬರೆದದ್ದು ಬ್ರುಕ್ನರನೋ ಬೇರೆ ಯಾರೋ, ಇವತ್ತಿಗೂ ಪಂಡಿತರಲ್ಲಿ ಒಮ್ಮತವಿಲ್ಲ. ಏಟು ಇರುವ ಮುದ್ರಣವೂ ಇದೆ, ಇಲ್ಲದ ಮುದ್ರಣವೂ ಇದೆ.

‘ನಾನು ಬಹಳ ಯೋಚಿಸಿದೆ, ಪದ್ಮಾ. ಪಾಪ, ಜೀವಮಾನವಿಡೀ ಬೇರೆಯವರು ಅವನನ್ನು ತಿದ್ದಿದರು. ನಾವಾದರೂ ಅವನು ಮೊದಲು ಬರೆದ ಹಾಗೆ ನುಡಿಸೋಣ. ನಿನಗೆ ಬೇಸರವಿಲ್ಲ ತಾನೆ?’

ಹೇಳಬೇಕಾದದ್ದು ಅವಳ ಗಂಟಲವರೆಗೂ ಬಂತು. ಯಾರು ಬರೆದರೆಂದು ಗೊತ್ತಿಲ್ಲ ಎನ್ನುತ್ತೀರಿ, ಹಾಗಿದ್ದ ಮೇಲೆ ಬೇಡ ಎಂದವನನ್ನೇ ಯಾಕೆ ನಂಬುತ್ತೀರಿ? ಅವನು ಆ ಚೀಟಿಯನ್ನು ಕಿತ್ತು ಬಿಸಾಡಲಿಲ್ಲವಲ್ಲ? ಕನ್ನಡದಲ್ಲಿ ಸಾಲುಸಾಲಾಗಿ ಬಂದದ್ದು ಇಂಗ್ಲಿಷಿಗೆ ತಿರುಗುವಷ್ಟರಲ್ಲಿ ನೀರಾಗಿತ್ತು.

‘ನೋ ಪ್ರಾಬ್ಲಮ್’ ಎಂದಳು.

‘ನೀನು ವೇದಿಕೆಯ ಮೇಲೆ ಕೂರಲೇಬೇಕು. ನೀನು ನಮ್ಮವಳು. ಕಾರ್ಯಕ್ರಮದ ಹಾಳೆಯಲ್ಲಿ ನಿನ್ನ ಹೆಸರೂ ಅಚ್ಚಾಗಿದೆ.’

‘ಶೂರ್, ನೋ ಪ್ರಾಬ್ಲಮ್.’

ದಂತವೈದ್ಯನ ಟ್ರಯಾಂಗಲ್ ಕೂಡ ಅದೇ ಚೀಟಿಯಲ್ಲಿತ್ತು, ಅದೂ ಹೋಯಿತು. ಅವನು ಭುಜ ಕುಣಿಸಿ, ಆ ಭಾನುವಾರ ದೋಣಿ ತೆಗೆದುಕೊಂಡು ಕೆರೆಗೆ ಹೋಗುತ್ತೇನೆ ಎಂದ. ಪದ್ಮಜಾ ಉಳಿದ ಕುರ್ಚಿಗಳನ್ನು ಹಾಕಿದಳು.

ಅವತ್ತು ಮನೆಗೆ ಬಂದು ಲಿಸ್ಲ್‌ಗೆ ಫೋನ್ ಮಾಡಿದಳು.

‘ರೀ, ಭಾನುವಾರದ ವಿಷ್ಯ ಒಂದು ಹೇಳ್ಬೇಕಿತ್ತು.’

‘ಬರ್ತೀನಿ ಕಣೇ, ಎಷ್ಟ್ ಸಲ ಹೇಳ್ಲಿ? ಶನಿವಾರ ಪೇಂಟರ್ ಬರ್ತಾನೆ, ಅದು ಮುಗಿಸ್ಕೊಂಡು ಭಾನುವಾರ ಬೆಳಗ್ಗೆ ಎದ್ದು ಡ್ರೈವ್ ಮಾಡ್ಬಿಡ್ತೀನಿ. ಮೂರು ಗಂಟೆಗೆ ತಾನೆ? ನಿನ್ನ ಜಾಗಟೆ ಕೇಳ್ದೆ ಇರ್ತೀನಾ?’

‘ಅದೇ, ಆ ಜಾಗಟೆನೇ...’

‘ಅಂದ್ಹಾಗೆ ಪದ್ಮಾ, ಒಂದು ಫೋಟೋ ಕಳ್ಸಿದೀನಿ ನೋಡು. ಅಡುಗೆಮನೆ ಪಕ್ಕದ ಪ್ಯಾಂಟ್ರಿ. ಸರಿಯಾಗಿ ಈಶಾನ್ಯಕ್ಕಿದೆ. ದೇವರ ಮನೆ ಮಾಡ್ಕೋಬಹುದಾ?’

ಅವಳು ಫೋಟೋ ನೋಡಿದಳು. ಬಿಳಿ ಹಲಗೆಗಳು, ಒಂದು ಬಲ್ಬು.

‘ಮಾಡ್ಕೋಬಹುದು’ ಎಂದಳು.

ಬುಧವಾರ ಇನ್ನೊಮ್ಮೆ ಹೇಳಲು ಹೊರಟಳು, ಅವನು ಮೀಟಿಂಗಿನಲ್ಲಿದ್ದ. ಶುಕ್ರವಾರ ಅವನೇ ಫೋನ್ ಮಾಡಿ, ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮೈ ವೈಫ್ ಪ್ಲೇಸ್ ಇನ್ ಆ್ಯನ್ ಆರ್ಕೆಸ್ಟ್ರಾ ಅಂತ, ಎಂದು ಸಣ್ಣ ಹುಡುಗನಂತೆ ನಕ್ಕ. ಇನ್ನು ಹೇಳುವುದು ಹೇಗೆ? ಮುನ್ನೂರು ಮೈಲಿ ಬರುವವನಿಗೆ, ನೀವು ಬರುವುದು ನಾನು ಸುಮ್ಮನೆ ಕೂತಿರುವುದನ್ನು ನೋಡುವುದಕ್ಕೆ ಎಂದು ಯಾವ ಬಾಯಲ್ಲಿ ಹೇಳುವುದು? ನೋವೈಯ ಸ್ನೇಹಿತೆ ಪ್ರಭಾವತಿಗೂ ಹೇಳಲಿಲ್ಲ. ಪ್ರಭಾವತಿ ಧಾರವಾಡದವಳು, ಮಕ್ಕಳ ಡಾಕ್ಟರು, ಬಾಯಿಗೆ ಬಾಗಿಲಿಲ್ಲ. ‘ಕಂಡಕ್ಟರ್ ಅಂದ್ರ ಟಿಕೇಟ್ ಹರಿದು ಕೊಡಾಂವ ಅಲ್ಲೇನವಾ? ಇಲ್ಲಿ ಕೋಲ್ ಬೀಸ್ಕೊಂತ ನಿಂದರ್ತಾನಲ್ಲ!’ ಎಂದು ನಗಿಸಿದ್ದಳು. ‘ನೀ ಜಾಂಜ್ ಬಡಿಯೂದ ಒಂದ ಸಲ ಅಂದಿ. ಆತು ಬಿಡು, ಕಣ್ಣ ಪಿಳುಕಿಸದಂಗ ಕುಂದರ್ತೇನಿ.’

ಭಾನುವಾರ ಏಯ್ಟ್ ಮೈಲ್ ರೋಡಿನ ಚರ್ಚು ಮುಕ್ಕಾಲು ತುಂಬಿತ್ತು. ಬಣ್ಣದ ಗಾಜಿನಿಂದ ಬಿಸಿಲು ಇಳಿದು ಬೆಂಚುಗಳ ಮೇಲೆ ಬಿದ್ದಿತ್ತು. ಪದ್ಮಜಾ ಕಪ್ಪು ರೇಷ್ಮೆ ಸೀರೆಯುಟ್ಟು ಹಿಂದಿನ ಸಾಲಿನ ಬಲತುದಿಯಲ್ಲಿ ಕೂತಳು. ಅವಳ ಎದುರಿಗೆ ಸ್ಟ್ಯಾಂಡಿನ ಮೇಲೆ ಸಿಂಬಲ್‌ಗಳು ಮಲಗಿದ್ದವು. ತೆಗೆದಿಡಿ ಎಂದು ಯಾರೂ ಹೇಳಿರಲಿಲ್ಲ, ಅವಳೂ ತೆಗೆದಿಡಲಿಲ್ಲ. ಆರನೆಯ ಬೆಂಚಿನಲ್ಲಿ ಪ್ರಭಾವತಿ ಕಂಡಳು. ಅವಳ ಪಕ್ಕದಲ್ಲಿ ಕೈಚೀಲ ಇಟ್ಟು ಹಿಡಿದ ಜಾಗ ಖಾಲಿ.

ಮೊದಲು ಚರ್ಚಿನ ಹಾಡುಗಾರರು ಬ್ರುಕ್ನರನದೇ ಒಂದು ಸಣ್ಣ ಪ್ರಾರ್ಥನೆ ಹಾಡಿದರು, ವಾದ್ಯವಿಲ್ಲದೆ. ಜಾಗ ಖಾಲಿ. ಸಿಂಫನಿಯ ಮೊದಲ ಭಾಗ ಇಪ್ಪತ್ತು ನಿಮಿಷ ನಡೆಯಿತು. ಅದು ಮುಗಿದಾಗಲೂ ಜಾಗ ಖಾಲಿ. ಹೈವೇಯಲ್ಲಿ ಏನಾದರೂ ಆಯಿತೇ ಎಂದು ಅವಳು ಬಾಗಿಲ ಕಡೆ ನೋಡಿದಳು. ಫೋನು ಹಿಂದಿನ ಕೋಣೆಯಲ್ಲಿತ್ತು, ಏಳುವಂತಿರಲಿಲ್ಲ. ಅಷ್ಟರಲ್ಲಿ ಎರಡನೆಯ ಭಾಗದ ಗಂಭೀರವಾದ ತುತ್ತೂರಿಗಳು ಎದ್ದವು, ಅವಳ ಬೆರಳುಗಳು ಅವಳನ್ನು ಕೇಳದೆ ಒಂದು ಎಂದವು.

ಎಣಿಸಬೇಕಾದ ಅಗತ್ಯವಿರಲಿಲ್ಲ. ಆದರೂ ಎಣಿಸಿದಳು. ಮೂವತ್ತಾರು, ಮೂವತ್ತೇಳು. ಎಪ್ಪತ್ತಾರು. ಗಂಡ ಬಂದಿಲ್ಲ ಎಂಬ ಗಾಬರಿ ಒಂದು ಕಡೆ, ಬರದಿದ್ದರೆ ಒಳ್ಳೆಯದೇ ಆಯಿತಲ್ಲ ಎಂಬ ಕಳ್ಳ ನೆಮ್ಮದಿ ಇನ್ನೊಂದು ಕಡೆ, ಎರಡರ ನಡುವೆ ಎಣಿಕೆ ತಪ್ಪದೆ ನಡೆಯಿತು. ನೂರ ಅರವತ್ತರಿಂದ ಆಚೆ ಪಿಟೀಲುಗಳು ಅಲೆಯ ಮೇಲೆ ಅಲೆಯಾಗಿ ಎದ್ದವು. ಒಂದೊಂದು ಅಲೆಯೂ ಹಿಂದಿನದರ ಹೆಗಲ ಮೇಲೆ ಕಾಲಿಟ್ಟು ಏರಿತು. ಅವಳ ಮುಂದಿದ್ದ ತುತ್ತೂರಿಯವರ ಕತ್ತುಗಳು ಕೆಂಪಾದವು. ನೂರ ಎಪ್ಪತ್ತೈದು. ನೂರ ಎಪ್ಪತ್ತಾರು. ಕೊವಾಲ್ಸ್ಕಿ ಎರಡೂ ತೋಳೆತ್ತಿದರು. ಅವರ ಕಣ್ಣು ಒಂದೇ ಒಂದು ಕ್ಷಣ ಅವಳ ಕಡೆ ಬಂದಂತಾಯಿತು, ಅಭ್ಯಾಸಬಲದಿಂದಲೋ ಏನೋ. ಅವಳ ಕೈ ಮಡಿಲಿನಿಂದ ಒಂದು ಅಂಗುಲ ಮೇಲೆದ್ದಿತು.

ಅಲ್ಲಿಗೇ ನಿಂತಿತು. ಇಡೀ ಮೇಳ ಶಿಖರ ಮುಟ್ಟಿತು. ಚರ್ಚಿನ ತೊಲೆಗಳು ಗುಂಯ್ಗುಟ್ಟಿದವು. ಅವಳಿಲ್ಲದೆಯೂ ಅದು ಅಷ್ಟೇ ದೊಡ್ಡದಾಗಿತ್ತು, ಅಷ್ಟೇ ಸುಂದರವಾಗಿತ್ತು. ಯಾರಿಗೂ ಏನೂ ಕಡಿಮೆಯಾಗಲಿಲ್ಲ. ನೂರ ಎಪ್ಪತ್ತೆಂಟು, ನೂರ ಎಪ್ಪತ್ತೊಂಬತ್ತು. ಎಣಿಕೆ ಎಲ್ಲಿ ನಿಲ್ಲಿಸಬೇಕೆಂದು ತೋಚದೆ ಭಾಗ ಮುಗಿಯುವವರೆಗೂ ಎಣಿಸಿದಳು.

ಮೂರನೆಯ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಚರ್ಚಿನ ಹಿಂದಿನ ಬಾಗಿಲು ತೆರೆಯಿತು. ಚಂದ್ರಮೌಳಿ ಬೆನ್ನು ಬಗ್ಗಿಸಿಕೊಂಡು, ಕಳ್ಳನಂತೆ ಗೋಡೆಗುಂಟ ಬಂದು ಪ್ರಭಾವತಿಯ ಪಕ್ಕ ಕೂತ. ಕೈಯಲ್ಲಿ ಹಳದಿ ಹೂವಿನ ಗೊಂಚಲು. ವೇದಿಕೆಯ ಕಡೆ ನೋಡಿ, ಅವಳು ಕಂಡ ಕೂಡಲೆ ಹೆಬ್ಬೆರಳೆತ್ತಿ ತೋರಿಸಿದ. ಸದ್ಯ, ಏನೂ ಆಗಿಲ್ಲ ಎಂದು ಅವಳ ಉಸಿರು ಇಳಿಯಿತು. ಅದರ ಜೊತೆಗೇ ಇನ್ನೇನೋ ಇಳಿಯಿತು.

ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಕಾಫಿ, ಕುಕಿ. ಪ್ರಭಾವತಿ ನೆಟ್ಟಗೆ ಅವಳ ಹತ್ತಿರ ಬಂದು ತೋಳು ಹಿಡಿದು ಮೂಲೆಗೆ ಎಳೆದಳು.

‘ಏನವಾ ಇದು? ನಾ ಕಣ್ಣಾಗ ಕಣ್ಣಿಟ್ಟು ಕಾಯ್ಕೊಂತ ಕುಂತಿದ್ದೆ. ನೀ ಜಾಂಜ್ ಮುಟ್ಟಲೇ ಇಲ್ಲಲ್ಲ? ನಿದ್ದಿಗಿದ್ದಿ ಹತ್ತಿತ್ತೇನು?’

‘ತೆಗೆದುಬಿಟ್ರು, ಪ್ರಭಾ. ಅದು ಅವನು ಬರೆದಿದ್ದಲ್ಲ ಅಂತೆ.’

‘ಯಾವಾಗ ತೆಗದ್ರು?’

‘ಮಂಗಳವಾರ.’

‘ಮಂಗಳವಾರ! ಮತ್ತ ನನಗೂ ಹೇಳ್ಲಿಲ್ಲ.’ ಪ್ರಭಾವತಿಯ ದನಿ ತಗ್ಗಿತು. ‘ಗಂಡಗಾದ್ರೂ ಹೇಳೀಯೋ ಇಲ್ಲೋ? ಅಂವಾ ಬಂದದ್ದ ನಾಕರ ಮ್ಯಾಲೆ. ಕಾರಿನ ಗಡಿಯಾರ ಶಿಕಾಗೋ ತಾಸು ತೋರಸ್ತದ ಅನ್ನೂದ ಮರತಿದ್ನಂತ. ಇಲ್ಲಿಗಿಂತ ಒಂದು ತಾಸು ಹಿಂದ, ಗೊತ್ತಲ್ಲ. ಪದ್ಮಾಗ ಹೇಳಬ್ಯಾಡ್ರಿ ಅಂತ ಕೈ ಮುಗದಾನ.’

ಅಷ್ಟರಲ್ಲಿ ಚಂದ್ರಮೌಳಿ ಹೂವು ಹಿಡಿದುಕೊಂಡು ಬಂದ. ಇನ್ನೊಂದು ಕೈಯಲ್ಲಿ ಕಾರ್ಯಕ್ರಮದ ಹಾಳೆ, ಅವಳ ಹೆಸರಿದ್ದ ಸಾಲಿನ ಮೇಲೆ ಹೆಬ್ಬೆರಳು. ಸಿಂಬಲ್ಸ್, ಪದ್ಮಜಾ ಚಂದ್ರಮೌಳಿ.

‘ಏನ್ ಕಣೇ ಹಾಗೆ ಹೊಡೆದೆ! ಆ ಏಟಿಗೆ ಮೈಯೆಲ್ಲಾ ಜುಮ್ ಅಂತು.’

ಪ್ರಭಾವತಿ ಕಾಫಿ ಲೋಟದೊಳಗೆ ನೋಡತೊಡಗಿದಳು.

‘ಕೇಳಿಸ್ತಾ?’ ಎಂದಳು ಪದ್ಮಜಾ.

‘ಕೇಳಿಸ್ತಾ ಅಂದ್ರೆ! ಎಲ್ಲದಕ್ಕಿಂತ ಮೇಲೆ ಅದೇ ಕೇಳಿಸಿದ್ದು.’

ಅವನ ಹಣೆಯ ಮೇಲೆ ಸಣ್ಣಗೆ ಬೆವರಿತ್ತು. ಮುನ್ನೂರು ಮೈಲಿಯ ದಣಿವು ಕಣ್ಣ ಕೆಳಗೆ ಕಪ್ಪಾಗಿ ಕೂತಿತ್ತು. ಅವಳನ್ನು ನೋಯಿಸಬಾರದು ಎಂಬ ಒಂದೇ ಆಸೆಯಿಂದ ಅವನು ಅಲ್ಲಿ ನಿಂತಿದ್ದ. ಸಿಟ್ಟು ಮಾಡೋಣ ಎಂದರೆ ಎಲ್ಲಿಂದ ಹಿಡಿಯುವುದು? ತಡವಾಗಿ ಬಂದದ್ದಕ್ಕೋ, ಸುಳ್ಳು ಹೇಳಿದ್ದಕ್ಕೋ? ಅವಳೂ ಐದು ದಿನ ಬಾಯಿಬಿಡದೆ ಇದ್ದವಳೇ. ಹೂವು ತೆಗೆದುಕೊಂಡಳು.

ಮನೆಗೆ ಬಂದು ಊಟಕ್ಕೆ ಕೂತಾಗ ಇನ್ನೂ ಹೊರಗೆ ಬೆಳಕಿತ್ತು. ಪೆಟ್ಟಿಗೆಗೆ ಹೋಗದೆ ಉಳಿದಿದ್ದ ಎರಡು ತಟ್ಟೆ, ಹುಳಿ, ಅನ್ನ. ಚಂದ್ರಮೌಳಿ ಫೋನನ್ನು ಸ್ಪೀಕರಿಗೆ ಹಾಕಿ ಬಾಸ್ಟನ್‌ಗೆ ಕರೆ ಮಾಡಿದ.

‘ಇಂಚರಾ, ನಿಮ್ಮಮ್ಮ ಇವತ್ತು ಚರ್ಚಿನ ಸೂರೇ ಹಾರಿಸಿಬಿಟ್ಲು. ಏನ್ ಏಟು ಅಂತೀಯಾ!’

‘ವೇಟ್, ವಾಟ್?’ ಎಂದಳು ಮಗಳು. ‘ದೇ ಕೆಪ್ಟ್ ದ ಸಿಂಬಲ್? ಡಾಕ್ಟರ್ ಕೆ ಹೇಟ್ಸ್ ದಟ್ ಸಿಂಬಲ್. ಹೀ ಯೂಸ್ಡ್ ಟು ಗೋ ಆನ್ ಅಂಡ್ ಆನ್. ಅಮ್ಮಾ? ಯು ಆ್ಯಕ್ಚುಅಲಿ ಪ್ಲೇಯ್ಡ್ ಇಟ್?’

ಚಂದ್ರಮೌಳಿಯ ಕೈ ಅನ್ನದಲ್ಲಿ ನಿಂತಿತು. ಅವನು ಹೆಂಡತಿಯ ಮುಖ ನೋಡಲಿಲ್ಲ, ತಟ್ಟೆಯನ್ನೇ ನೋಡಿದ.

‘ಅಪ್ಪ ಕೇಳಿಸ್ಕೊಂಡ್ರಂತೆ, ಪುಟ್ಟಾ’ ಎಂದಳು ಪದ್ಮಜಾ.

‘ಆ್ಯಂಡ್?’

‘ಮೈ ಜುಮ್ ಅಂತಂತೆ.’

ಮಗಳು ಓ, ದಟ್ಸ್ ಸೋ ಸ್ವೀಟ್ ಎಂದಳು. ಚಂದ್ರಮೌಳಿ ನಿಧಾನವಾಗಿ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡ. ಆಮೇಲೆ ಹುಳಿ ಚೆನ್ನಾಗಿದೆ ಎಂದ, ಎರಡು ಸಲ ಎಂದ. ಲಿಸ್ಲ್‌ನಲ್ಲಿ ಗೋಡೆಗೆ ಹಾಕಿಸಿದ ಬಣ್ಣದ ಬಗ್ಗೆ, ಅಲ್ಲಿಯ ಕನ್ನಡ ಕೂಟದವರ ಬಗ್ಗೆ, ಗಣೇಶನ ಹಬ್ಬಕ್ಕೆ ಅವಳ ಕೈಯಲ್ಲಿ ಹಾಡಿಸುತ್ತೇನೆಂದು ಅವರಿಗೆ ಮಾತು ಕೊಟ್ಟದ್ದರ ಬಗ್ಗೆ ಹೇಳಿದ. ಅವಳು ಹೂಂಗುಟ್ಟುತ್ತ ಎದ್ದು ಸಿಂಕಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು.

ನೀರು ತಟ್ಟೆಯ ಮೇಲೆ ಬೀಳುತ್ತಿದ್ದಾಗ ಅವಳಿಗೆ ಅಳು ಬರಲಿಲ್ಲ. ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬದಲಿಗೆ ಒಂದು ಯೋಚನೆ ಬಂತು, ತರಕಾರಿ ಪಟ್ಟಿಗೆ ಇನ್ನೊಂದು ಸೇರಿಸುವಷ್ಟೇ ಸಹಜವಾಗಿ. ಶಿಕಾಗೋ ಸುತ್ತ ಇಂಥ ಹವ್ಯಾಸಿ ಮೇಳಗಳು ಇದ್ದೇ ಇರುತ್ತವೆ. ಎಣಿಸಬಲ್ಲವರು ಎಲ್ಲರಿಗೂ ಬೇಕು. ಅಲ್ಲಿಗೆ ಹೋದ ಮೇಲೆ ಹುಡುಕಿಕೊಳ್ಳುತ್ತೇನೆ. ಮಂಗಳವಾರವೋ ಗುರುವಾರವೋ ದಿನಸಿ ತರುತ್ತೇನೆ ಎಂದು ಹೊರಡುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ, ನನ್ನ ಆವರ್ತ ಬಂದಾಗ ಹೊಡೆಯುತ್ತೇನೆ, ಬರುವಾಗ ಸೊಪ್ಪು ತರುತ್ತೇನೆ. ಇವರನ್ನು ಕರೆಯುವುದಿಲ್ಲ. ಇಂಚರಾಳಿಗೆ ಹೇಳುವುದಿಲ್ಲ, ಪ್ರಭಾಳಿಗೂ ಹೇಳುವುದಿಲ್ಲ. ಹೆಸರು ಅಚ್ಚು ಹಾಕಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

‘ಏನು, ಒಬ್ಬಳೇ ನಗ್ತಿದೀಯಾ?’ ಎಂದ ಚಂದ್ರಮೌಳಿ ಹಿಂದಿನಿಂದ.

‘ನಗ್ತಾ ಇಲ್ಲ’ ಎಂದಳು ಅವಳು. ಅದು ನಿಜವೇ ಆಗಿತ್ತು. ‘ಮೊಸರು ಹಾಕ್ಕೊಳ್ಳಿ, ಅಲ್ಲೇ ಇದೆ.’